ಪ್ರಯೋಗಶಾಲೆಯ ಮಡಿ

ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗಿರುತ್ತದೆ. ಅದಕ್ಕೆ ಯಾರೂ ಹೆಪ್ಪು ಹಾಕಿರುವುದಿಲ್ಲ. ಪಾತ್ರೆಯನ್ನು ಆವಿಯಲ್ಲಿ ಬೇಯಿಸಿರುವುದಿಲ್ಲ. ಮುಚ್ಚಳವೆಂದರೆ ಮೇಲೊಂದು ತಟ್ಟೆ. ಆದರೂ ಹಿಟ್ಟು ಕೆಟ್ಟಿತೆಂದು ಮನೆಯವರು ದೂರುವುದು ಅಪರೂಪ. ಇದೇ ಕೆಲಸಕ್ಕೆ ನಮ್ಮ ವಿಜ್ಞಾನ ವಿಭಾಗದವರು ಹೊರಟಾಗ ನೋಡಬೇಕು! ಒಂದು ಫ್ಲಾಸ್ಕು ಸಕ್ಕರೆಯ ನೀರು, ಅದರಲ್ಲಿ ಬೆಳೆಯಬೇಕಾದದ್ದು ಒಂದೇ ಜಾತಿಯ ಯೀಸ್ಟ್. ಅಷ್ಟಕ್ಕಾಗಿ ಆವಿಯ ಯಂತ್ರ, ಗ್ಯಾಸಿನ ಉರಿ, ಹತ್ತಿ, ಮದ್ಯಸಾರ, ಮುಚ್ಚಿದ ಕಿಟಕಿ, ನಿಲ್ಲಿಸಿದ ಫ್ಯಾನು. ಇಷ್ಟೆಲ್ಲ ಆದ ಮೇಲೂ ಮೂರನೆಯ ದಿನ ಫ್ಲಾಸ್ಕು ಕೆಟ್ಟ ವಾಸನೆ ಹೊಡೆಯುವುದುಂಟು. ಇದನ್ನು ಕಂಡ ಕಲಾವಿಭಾಗದ ಮಿತ್ರರು, ನಿಮ್ಮ ಮಡಿ ನಮ್ಮ ಅಜ್ಜಿಯ ಮಡಿಯನ್ನೂ ಮೀರಿಸಿತಲ್ಲ ಎಂದು ಹಾಸ್ಯಮಾಡಿದರೆ ಅದು ಸಹಜವೇ. ಆದರೆ ಅಜ್ಜಿಯ ಹಿಟ್ಟಿಗೆ ಬೇಡವಾದ ಎಚ್ಚರ ಪ್ರಯೋಗಶಾಲೆಯ ಫ್ಲಾಸ್ಕಿಗೆ ಏಕೆ ಬೇಕಾಯಿತೆಂಬುದು ವಿಚಾರಮಾಡತಕ್ಕ ಸಂಗತಿ.

ದೋಸೆಯ ಹಿಟ್ಟಿನಲ್ಲಿ ಹುದುಗುವಿಕೆಯನ್ನು ನಡೆಸತಕ್ಕವರು ಒಬ್ಬಿಬ್ಬರಲ್ಲ. ಉದ್ದಿನಬೇಳೆಗೆ ಅಂಟಿಕೊಂಡೇ ಬಂದ ಹಲವು ಬ್ಯಾಕ್ಟೀರಿಯಗಳು, ಅವುಗಳಲ್ಲಿ ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬುದು, ಬೇಳೆ ನೆನೆಯುತ್ತಿರುವಾಗಲೇ ಹೆಚ್ಚಲಾರಂಭಿಸಿ ಹಿಟ್ಟಿನಲ್ಲಿ ಅನಿಲವನ್ನೂ ಆಮ್ಲವನ್ನೂ ಉಂಟುಮಾಡುತ್ತವೆ. ಹುಳಿ ಏರಿದಂತೆ ಕೊಳೆಯಿಸುವ ಜೀವಿಗಳಿಗೆ ಅಲ್ಲಿ ನೆಲೆ ತಪ್ಪುತ್ತದೆ. ಸಂತೆಯ ದಿನದ ಬಸ್ಸಿನಂತೆ, ಒಳಗೆ ತುಂಬಿರುವವರೇ ಹೊಸಬರು ಹತ್ತದಂತೆ ನೋಡಿಕೊಳ್ಳುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ಕುದಿಸಿ ಸಕಲ ಜೀವಿಗಳನ್ನೂ ಕೊಂದ ಸಕ್ಕರೆಯ ದ್ರವವೆಂಬುದು ಉತ್ತು ಹಸನುಮಾಡಿ ಗೊಬ್ಬರ ಹಾಕಿ ಬೇಲಿಯಿಲ್ಲದೆ ಬಿಟ್ಟ ಹೊಲವಿದ್ದಂತೆ. ಅಲ್ಲಿ ಮೊದಲು ಬಿದ್ದದ್ದು ಬೆಳೆಯುತ್ತದೆ. ಅದು ನಾವು ಬಿತ್ತಿದ ಬೀಜವೋ ಗಾಳಿ ತಂದ ಕಳೆಯೋ ಎಂದು ಹೊಲ ಕೇಳುವುದಿಲ್ಲ. ನಿರ್ಜೀವಗೊಳಿಸುವುದರಿಂದ ದ್ರವಕ್ಕೆ ರಕ್ಷಣೆ ಬರುವುದಿಲ್ಲ. ಇದ್ದ ರಕ್ಷಣೆಯೂ ಹೋಗುತ್ತದೆ. ಪ್ರಯೋಗಶಾಲೆಯ ಮಡಿಯ ಮೂಲ ಇಲ್ಲಿದೆ.

ಹಾಗಾದರೆ ಆ ಬೆರಕೆಯ ಗುಂಪನ್ನೇ ಪ್ರಯೋಗಕ್ಕೂ ಏಕೆ ಬಳಸಬಾರದು? ದೋಸೆ ತಿನ್ನುವುದೇ ಗುರಿಯಾಗಿದ್ದರೆ ಖಂಡಿತ ಬಳಸಬಹುದು. ಆದರೆ ಈ ಒಂದು ಜಾತಿಯ ಯೀಸ್ಟ್ ಈ ಸಕ್ಕರೆಯಿಂದ ಎಷ್ಟು ಮದ್ಯಸಾರವನ್ನು ಮಾಡುತ್ತದೆ ಎಂದು ಕೇಳುವವನಿಗೆ ಗುಂಪಿನ ಉತ್ತರ ನಿಷ್ಪ್ರಯೋಜಕ. 100 ಗ್ರಾಂ ಗ್ಲೂಕೋಸಿನಿಂದ, ರಸಾಯನಶಾಸ್ತ್ರದ ಲೆಕ್ಕದಂತೆ, ಸುಮಾರು 51 ಗ್ರಾಂ ಮದ್ಯಸಾರವೂ 49 ಗ್ರಾಂ ಇಂಗಾಲದ ಡೈ ಆಕ್ಸೈಡೂ ಬರಬೇಕು. ಯೀಸ್ಟ್ ತನ್ನ ಮೈ ಬೆಳೆಸಿಕೊಳ್ಳುವುದಕ್ಕೆ ಸ್ವಲ್ಪ ತೆಗೆದುಕೊಳ್ಳುವುದರಿಂದ ಬರುವುದು ಇದಕ್ಕಿಂತ ಕಡಮೆ. ಎಷ್ಟು ಕಡಮೆ ಎಂಬುದೇ ಪ್ರಯೋಗದ ಪ್ರಶ್ನೆ. ಮಧ್ಯೆ ಒಂದು ಲ್ಯಾಕ್ಟಿಕ್ ಬ್ಯಾಕ್ಟೀರಿಯ ನುಗ್ಗಿ ಸಕ್ಕರೆಯಲ್ಲಿ ತನ್ನ ಪಾಲನ್ನು ಕದ್ದರೆ, ಅದರ ಕಳ್ಳತನವೆಲ್ಲ ಯೀಸ್ಟಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಅಂಕಿಗಳು ನೋಟುಪುಸ್ತಕದಲ್ಲಿ ಅಚ್ಚುಕಟ್ಟಾಗಿಯೇ ಇರುತ್ತವೆ. ಸುಳ್ಳು ಎಂಬುದು ಮಾತ್ರ ಅವುಗಳ ಮುಖದ ಮೇಲೆ ಬರೆದಿರುವುದಿಲ್ಲ.

ಈ ವಿಷಯ ಮೊದಲು ಸ್ಪಷ್ಟವಾದದ್ದು ಫ್ರಾನ್ಸಿನ ಲೀಲ್ ನಗರದಲ್ಲಿ. 1856ರಲ್ಲಿ ಅಲ್ಲಿ ಬೀಟ್‌ರೂಟಿನ ರಸದಿಂದ ಮದ್ಯಸಾರ ತೆಗೆಯುತ್ತಿದ್ದ ಬಿಗೊ ಎಂಬ ಕಾರ್ಖಾನೆದಾರನ ತೊಟ್ಟಿಗಳು ಹುಳಿಯಾಗತೊಡಗಿದುವು. ಆತ ಲೂಯಿ ಪಾಸ್ತರನ ಮೊರೆಹೊಕ್ಕ. ಪಾಸ್ತರ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳ್ಳೆಯ ತೊಟ್ಟಿಯ ರಸದಲ್ಲಿ ದುಂಡನೆಯ ಯೀಸ್ಟ್ ಕಣಗಳಿದ್ದುವು. ಕೆಟ್ಟ ತೊಟ್ಟಿಯಲ್ಲಿ ಅವುಗಳ ಜೊತೆಗೆ ಕಡ್ಡಿಯಂಥ ಸಣ್ಣ ಜೀವಿಗಳು. ಒಂದೊಂದು ಬಗೆಯ ಹುದುಗುವಿಕೆಗೂ ಒಂದೊಂದು ಬಗೆಯ ಜೀವಿ ಕಾರಣವೆಂಬ ಮತಕ್ಕೆ 1857ರಲ್ಲಿ ಪ್ರಕಟವಾದ ಅವನ ಲೇಖನ ಬುನಾದಿಯಾಯಿತು.

ಆದರೆ ಆ ಕಡ್ಡಿಗಳು ಎಲ್ಲಿಂದ ಬಂದುವು? ಚರಿತ್ರೆ ಮತ್ತು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳೂ ಇಲ್ಲಿ ಸ್ವಲ್ಪ ನಿಲ್ಲಬೇಕು. ಜಡವಸ್ತುವಿನಿಂದ ಜೀವ ತಾನಾಗಿ ಹುಟ್ಟುತ್ತದೆಯೆ ಎಂಬ ಪುರಾತನ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೆಚ್ಚುಕಡಮೆ ಒಂದು ಫ್ಲಾಸ್ಕಿನ ಬೆರಕೆಯ ಪ್ರಶ್ನೆಯಾಗಿ ಇಳಿದುಬಂದಿತು. ರೂಆನ್ ನಗರದ ಪೂಷೆ ಎಂಬ ವಿದ್ವಾಂಸ, ಹುಲ್ಲಿನ ಕಷಾಯವನ್ನು ಕುದಿಸಿ ಮುಚ್ಚಿಟ್ಟರೂ ಅದರಲ್ಲಿ ಜೀವಿಗಳು ಕಾಣಿಸಿಕೊಳ್ಳುತ್ತವೆ, ಆದುದರಿಂದ ಜೀವ ತಾನಾಗಿ ಹುಟ್ಟುತ್ತದೆ ಎಂದು ವಾದಿಸಿದ. ಪಾಸ್ತರ್ ಯೀಸ್ಟಿನ ಕಷಾಯವನ್ನು ಕುದಿಸಿ, ಫ್ಲಾಸ್ಕುಗಳ ಬಾಯನ್ನು ಕರಗಿಸಿ ಮುಚ್ಚಿ, 1860ರಲ್ಲಿ ಅವುಗಳನ್ನು ಬೇರೆ ಬೇರೆ ಎತ್ತರಗಳಲ್ಲಿ ತೆರೆದು ಮತ್ತೆ ಮುಚ್ಚಿದ. ಬೆಟ್ಟದ ತಪ್ಪಲಿನಲ್ಲಿ ತೆರೆದ 20 ಫ್ಲಾಸ್ಕುಗಳಲ್ಲಿ 8 ಕೆಟ್ಟುವು; ಜೂರಾ ಪರ್ವತದ ಮೇಲೆ 20ರಲ್ಲಿ 5; ಆಲ್ಪ್ಸ್ ಪರ್ವತದ ಹಿಮನದಿಯ ಬಳಿ 20ರಲ್ಲಿ ಒಂದೇ. ಕೆಡಿಸತಕ್ಕದ್ದು ಗಾಳಿಯಲ್ಲ, ಗಾಳಿ ಹೊತ್ತ ಧೂಳು ಎಂದು ಇದರಿಂದ ತೋರಿತು. ಪೂಷೆಯೂ ಸುಮ್ಮನಿರಲಿಲ್ಲ. 1863ರಲ್ಲಿ ಇಬ್ಬರು ಸಂಗಡಿಗರೊಡನೆ ಪಿರನೀಸ್ ಪರ್ವತವನ್ನು ಹತ್ತಿ ತನ್ನ ಹುಲ್ಲಿನ ಕಷಾಯದ ಫ್ಲಾಸ್ಕುಗಳನ್ನು ತೆರೆದ, ಅವೆಲ್ಲವೂ ಕೆಟ್ಟುವು!

ಇಬ್ಬರೂ ಪ್ರಾಮಾಣಿಕರೇ. ವ್ಯತ್ಯಾಸವಿದ್ದದ್ದು ಹುಲ್ಲಿನಲ್ಲಿ. ಒಣಹುಲ್ಲಿನಲ್ಲಿ ವಾಸಿಸುವ ಬ್ಯಾಸಿಲಸ್ ಎಂಬ ಜೀವಿ ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಡುತ್ತದೆ. ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಇದ್ದರೂ ಆ ಬೀಜಾಣು ಸಾಯದಿರಬಹುದು. ಇದನ್ನು 1876ರಲ್ಲಿ ಫರ್ಡಿನಂಡ್ ಕೋನ್ ವಿವರಿಸುವವರೆಗೆ ಯಾರೂ ಅರಿತಿರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಜಾನ್ ಟಿಂಡಲ್ ತನ್ನ ಪ್ರಯೋಗಶಾಲೆಗೆ ಒಂದು ಹೊರೆ ಒಣಹುಲ್ಲನ್ನು ತರಿಸಿದ. ಅದುವರೆಗೆ ಐದು ನಿಮಿಷ ಕುದಿಸಿದರೆ ತಿಂಗಳುಗಟ್ಟಲೆ ತಿಳಿಯಾಗಿ ನಿಲ್ಲುತ್ತಿದ್ದ ಕಷಾಯಗಳೂ ಅನಂತರ ಒಂದೊಂದಾಗಿ ಕೆಡತೊಡಗಿದುವು. ಕೊನೆಗೆ ಆತ ತನ್ನ ಕೆಲಸವನ್ನೇ ಕ್ಯೂ ಉದ್ಯಾನದ ಹೊಸ ಪ್ರಯೋಗಶಾಲೆಗೆ ಸಾಗಿಸಬೇಕಾಯಿತು. ಸೋಲದ ಆ ಮನುಷ್ಯ ಒಂದು ಉಪಾಯವನ್ನೂ ಕಂಡುಹಿಡಿದ: ಸ್ವಲ್ಪ ಹೊತ್ತು ಕಾಯಿಸಿ ಬಿಟ್ಟರೆ ಬೀಜಾಣುಗಳು ಮೊಳೆತು ಮೃದುವಾಗುತ್ತವೆ, ಮರುದಿನ ಮತ್ತೆ ಕಾಯಿಸಿದರೆ ಮೊಳೆತವು ಸಾಯುತ್ತವೆ, ಮೂರನೆಯ ದಿನವೂ ಕಾಯಿಸಿದರೆ ಕೆಲಸ ಪೂರೈಸಿತು. ಆಟೋಕ್ಲೇವ್ ಇಲ್ಲದ ಕಡೆ ಇಂದಿಗೂ ಈ ಉಪಾಯಕ್ಕೆ ಬೆಲೆಯುಂಟು. ಒಂದೇ ಷರತ್ತು: ಬೀಜಾಣು ಮೊಳೆಯುವಂಥ ಆಹಾರ ಆ ದ್ರವದಲ್ಲಿರಬೇಕು. ಬರಿಯ ನೀರಿನಲ್ಲಿ ಅದು ಮೊಳೆಯುವುದೂ ಇಲ್ಲ, ಸಾಯುವುದೂ ಇಲ್ಲ.

ಒಂದು ಬ್ಯಾಕ್ಟೀರಿಯ ಬಿದ್ದರೆ ಏನು ಮಹಾ ಎಂದು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಯೀಸ್ಟ್ ಎರಡು ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ, ಬ್ಯಾಕ್ಟೀರಿಯ ಅರ್ಧ ಗಂಟೆಗೊಮ್ಮೆ ಎಂದಿಟ್ಟುಕೊಳ್ಳಿ. ಫ್ಲಾಸ್ಕಿಗೆ ನಾವು ಹಾಕಿದ್ದು ಒಂದು ಲಕ್ಷ ಯೀಸ್ಟ್ ಕಣ. ಕರೆಯದೆ ಬಂದದ್ದು ಒಂದೇ ಒಂದು ಬ್ಯಾಕ್ಟೀರಿಯ. ಹನ್ನೆರಡು ಗಂಟೆಗಳಲ್ಲಿ ಯೀಸ್ಟ್ ಆರು ಸಲ ಇಮ್ಮಡಿಸಿ 64 ಲಕ್ಷವಾಗುತ್ತದೆ. ಬ್ಯಾಕ್ಟೀರಿಯ ಇಪ್ಪತ್ತನಾಲ್ಕು ಸಲ ಇಮ್ಮಡಿಸಿ 1 ಕೋಟಿ 67 ಲಕ್ಷವನ್ನು ದಾಟುತ್ತದೆ! ಸಂಜೆ ಒಬ್ಬಂಟಿಯಾಗಿ ಬಂದವನು ಬೆಳಗಾಗುವಷ್ಟರಲ್ಲಿ ಮನೆಯ ಯಜಮಾನನಾದ. ಹೆಪ್ಪನ್ನು ಹತ್ತು ಸಾವಿರ ಪಟ್ಟು ಹೆಚ್ಚಿಸಿ ನೂರು ಕೋಟಿ ಯೀಸ್ಟ್ ಕಣಗಳನ್ನು ಹಾಕಿದರೂ ಇದೇ ಲೆಕ್ಕದಂತೆ ಇಪ್ಪತ್ತನೆಯ ಗಂಟೆಗೆ ಇಬ್ಬರೂ ಸಮನಾಗುತ್ತಾರೆ. ಗಳಿಸಿದ್ದು ಸುಮಾರು ಒಂಬತ್ತು ಗಂಟೆಗಳ ಅವಕಾಶ ಮಾತ್ರ. ವಾಸ್ತವದಲ್ಲಿ ಆಹಾರ ಮುಗಿಯುವುದರಿಂದ ಸಂಖ್ಯೆ ಇಷ್ಟಕ್ಕೆ ಏರುವುದಿಲ್ಲ ಎಂಬುದು ನಿಜ. ಆ ಒಂಬತ್ತು ಗಂಟೆಯೂ ಅಲ್ಪವಲ್ಲ. ಅಷ್ಟರಲ್ಲಿ ಯೀಸ್ಟ್ ದ್ರವವನ್ನು ಹುಳಿಮಾಡಿ, ಮದ್ಯಸಾರವನ್ನು ತುಂಬಿ, ಸಕ್ಕರೆಯ ಬಹುಭಾಗವನ್ನು ಮುಗಿಸಿರುತ್ತದೆ. ಧಾರಾಳವಾದ, ಚುರುಕಾದ ಹೆಪ್ಪು ಅರ್ಧ ರಕ್ಷಣೆ ಎಂದು ಅನುಭವಿಗಳು ಹೇಳುವುದು ಇದಕ್ಕೇ. ಆದರೆ ಇನ್ನರ್ಧವೂ ಬೇಕಷ್ಟೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಸ್ವಚ್ಛವಾಗಿದೆ ಎಂಬ ಮಾತು ಅಡಿಗೆಮನೆಗೆ ಒಪ್ಪುತ್ತದೆ. ಫ್ಲಾಸ್ಕಿಗೆ ಅದಕ್ಕೆ ಅರ್ಥವೇ ಇಲ್ಲ.

ಮೊದಲನೆಯ ಕೆಲಸ ಕೊಲ್ಲುವುದು. ಪಾಸ್ತರನ ಸಹಾಯಕ ಚೇಂಬರ್‌ಲಾಂಡ್ 1879ರಲ್ಲಿ ರೂಪಿಸಿದ ಆಟೋಕ್ಲೇವ್ ಈಗಿನ ಪ್ರೆಷರ್ ಕುಕ್ಕರಿನ ಅಣ್ಣನಿದ್ದಂತೆ. ಚದರ ಅಂಗುಲಕ್ಕೆ 15 ಪೌಂಡು ಒತ್ತಡದಲ್ಲಿ ಆವಿಯ ಉಷ್ಣತೆ 121 ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ. ಆ ಶಾಖದಲ್ಲಿ 15 ರಿಂದ 20 ನಿಮಿಷ ಇದ್ದರೆ ಬೀಜಾಣುಗಳೂ ಉಳಿಯಲಾರವು. ಆದರೆ ಗಡಿಯಾರದಂಥ ಆ ಮುಳ್ಳು ತೋರಿಸುವುದು ಒತ್ತಡವನ್ನು, ಶಾಖವನ್ನಲ್ಲ. ಒಳಗಿನ ಗಾಳಿಯನ್ನು ಪೂರ್ತಿ ಹೊರಗೆ ಬಿಡದೆ ಕವಾಟವನ್ನು ಮುಚ್ಚಿದರೆ ಮುಳ್ಳು 15ನ್ನೇ ತೋರಿಸುತ್ತಿರುವಾಗ ಉಷ್ಣತೆ 121ಕ್ಕೆ ಬಹಳ ಕೆಳಗಿರುತ್ತದೆ. ಅರ್ಧ ಗಾಳಿ ಉಳಿದಿದ್ದರೆ ಸುಮಾರು 112 ಡಿಗ್ರಿ ಮಾತ್ರ. ಕವಾಟದಿಂದ ಆವಿ ಒಂದೇ ಸಮನೆ ಬುಸುಗುಟ್ಟುವವರೆಗೆ ಕಾಯಬೇಕೆಂದು ಅಧ್ಯಾಪಕರು ಹೇಳುವುದರ ಗುಟ್ಟು ಇದೇ. ಇನ್ನೊಂದು ಮಾತು. ದೊಡ್ಡ ಫ್ಲಾಸ್ಕಿನ ನಡುವಿನ ದ್ರವಕ್ಕೆ ಶಾಖ ಮುಟ್ಟಲು ಹೆಚ್ಚು ಹೊತ್ತು ಬೇಕು. ಸಣ್ಣ ಪ್ರನಾಳಕ್ಕೆ ಸಾಕಾದ ಹದಿನೈದು ನಿಮಿಷ ಎರಡು ಲೀಟರಿನ ಫ್ಲಾಸ್ಕಿಗೆ ಸಾಲದು. ಹಾಗೆಂದು ಅತಿಯಾಗಿ ಬೇಯಿಸಿದರೆ ಸಕ್ಕರೆ ಕಂದಿ ಬಣ್ಣ ತಿರುಗುತ್ತದೆ. ಅದಕ್ಕಾಗಿ ಸಕ್ಕರೆಯನ್ನು ಬೇರೆ, ಪೆಪ್ಟೋನ್ ಲವಣಾದಿಗಳನ್ನು ಬೇರೆ ಬೇಯಿಸಿ ಆಮೇಲೆ ಕೂಡಿಸುವುದು ರೂಢಿ. ಬರಿಯ ಗಾಜಿನ ಸಾಮಾನನ್ನು ಒಣ ಒಲೆಯಲ್ಲಿ 160 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಸರಿ. ಒಣ ಶಾಖಕ್ಕೆ ಆವಿಯ ಚುರುಕಿಲ್ಲವಾದ್ದರಿಂದ ಅಷ್ಟು ಹೊತ್ತು.

ಕೊಂದದ್ದಾಯಿತು, ಇನ್ನು ಬಾಗಿಲು ಕಾಯುವುದು. ಫ್ಲಾಸ್ಕಿನ ಬಾಯಿಗೆ ಗಿಡಿಯುವ ಹತ್ತಿಯ ಬಿರಡೆ ನೋಡಲು ಕ್ಷುದ್ರ ವಸ್ತು. ಆದರೆ ಅದರಷ್ಟು ಜಾಣ ಬಾಗಿಲು ಇನ್ನೊಂದಿಲ್ಲ. ಗಾಳಿಯನ್ನು ಅದು ಬಿಡುತ್ತದೆ. ಗಾಳಿಯೊಡನೆ ಬರುವ ಧೂಳು ಹತ್ತಿಯ ಎಳೆಗಳ ಅಂಕುಡೊಂಕಿನ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಇದೆಲ್ಲ ಹತ್ತಿ ಒಣಗಿರುವವರೆಗೆ ಮಾತ್ರ. ಆಟೋಕ್ಲೇವಿನಲ್ಲಿ ಒದ್ದೆಯಾದ ಬಿರಡೆ, ದ್ರವ ತುಳುಕಿ ನೆನೆದ ಬಿರಡೆ, ಇವು ಬಾಗಿಲಲ್ಲ, ಸೇತುವೆ. ಬೂಷ್ಟಿನ ಎಳೆ ಅದರ ಮೇಲಿಂದ ಒಳಕ್ಕೆ ಬೆಳೆದುಬರುತ್ತದೆ. ಅದಕ್ಕಾಗಿ ಬೇಯಿಸುವಾಗ ಬಿರಡೆಯ ಮೇಲೆ ಕಾಗದ ಕಟ್ಟುತ್ತಾರೆ. ಅನೇಕರ ಗಮನಕ್ಕೆ ಬಾರದ ಒಂದು ಗಳಿಗೆಯನ್ನೂ ಹೇಳಬೇಕು. ಬಿಸಿಯಾದ ಫ್ಲಾಸ್ಕು ಆರುವಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಫ್ಲಾಸ್ಕು ಉಸಿರು ತೆಗೆದುಕೊಳ್ಳುವ ಆ ಹೊತ್ತಿನಲ್ಲಿ ಬಿರಡೆ ಸಡಿಲವಾಗಿದ್ದರೆ ಹದಿನೈದು ಪೌಂಡಿನ ಆವಿಯ ಶ್ರಮವೆಲ್ಲ ವ್ಯರ್ಥ. ಅನಿಲ ಹೊರಹೋಗಲು ನೀರಿನ ಬೀಗವನ್ನು ಜೋಡಿಸಿದ ಫ್ಲಾಸ್ಕುಗಳಲ್ಲೂ ಇದೇ ಅಪಾಯ: ಬೆಚ್ಚನೆಯ ಕಡೆಯಿಂದ ತಣ್ಣನೆಯ ಕಡೆಗೆ ಒಯ್ದರೆ ಬೀಗದ ನೀರೇ ಒಳಕ್ಕೆ ಸೇದಿಹೋಗುತ್ತದೆ.

ಬಾಗಿಲು ತೆರೆಯಲೇಬೇಕಾದ ಗಳಿಗೆಯೆಂದರೆ ಹೆಪ್ಪು ಹಾಕುವ ಗಳಿಗೆ. ಮಡಿಯೆಂಬ ಮಾತು ನಿಜವಾಗಿ ಸಲ್ಲುವುದು ಇಲ್ಲಿಗೆ. ಆದರೆ ಈ ಮಡಿಗೆ ಕುಲಗೋತ್ರವಿಲ್ಲ, ಯಾರು ಬೇಕಾದರೂ ಉಡಬಹುದು. ಕಿಟಕಿ ಮುಚ್ಚಿ ಫ್ಯಾನು ನಿಲ್ಲಿಸುವುದು ಧೂಳು ಕೆಳಗೆ ಕೂರಲೆಂದು. ಮೇಜನ್ನು ಒರೆಸುವ ಮದ್ಯಸಾರ ಅಪ್ಪಟವಾಗಿದ್ದರೆ ಹೆಚ್ಚು ಒಳ್ಳೆಯದೆಂದು ತೋರುವುದು ಸಹಜ. ಆದರೆ ನೂರಕ್ಕೆ 70 ಪಾಲಿನ ಮದ್ಯಸಾರವೇ ಹೆಚ್ಚು ಕೊಲ್ಲುತ್ತದೆ, ಏಕೆಂದರೆ ಜೀವಿಯ ಪ್ರೋಟೀನು ಹೆಪ್ಪುಗಟ್ಟಲು ನೀರೂ ಬೇಕು. ಬೀಜಾಣುಗಳಿಗೆ ಮಾತ್ರ ಅದೂ ನಾಟದು. ಒರೆಸಿದ ಮದ್ಯಸಾರ ಆರುವ ಮೊದಲು ದೀಪ ಹಚ್ಚಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ತಂತಿಯ ಕುಣಿಕೆಯನ್ನು ಕೆಂಪಗೆ ಕಾಯಿಸಿ, ಕ್ಷಣಕಾಲ ಆರಿಸಿ, ಬಿರಡೆಯನ್ನು ಬಲಗೈಯ ಕಿರುಬೆರಳಿನಲ್ಲಿ ಹಿಡಿದು ತೆಗೆದು, ಬಾಯನ್ನು ಉರಿಗೆ ತೋರಿಸಿ, ಪ್ರನಾಳವನ್ನು ಓರೆಯಾಗಿಯೇ ಹಿಡಿದಿರಬೇಕು. ನೆಟ್ಟಗೆ ಹಿಡಿದರೆ ಮೇಲಿನಿಂದ ಬೀಳುವ ಧೂಳಿಗೆ ಬಾಯಿ ತೆರೆದಂತಾಗುತ್ತದೆ. ಬಿರಡೆಯನ್ನು ಮೇಜಿನ ಮೇಲೆ ಇಟ್ಟರೆ ಕಥೆ ಮುಗಿಯಿತು. ಉರಿಯ ಪಕ್ಕದಲ್ಲೇ ಈ ಕೆಲಸ ನಡೆಯುವುದು ಅಲ್ಲಿ ಗಾಳಿ ಮೇಲ್ಮುಖವಾಗಿ ಏರುತ್ತಿರುವುದರಿಂದ. ಈ ಕೆಲಸದಲ್ಲಿ ಮಾತು ನಿಷಿದ್ಧ. ಒಂದೊಂದು ಮಾತಿನೊಡನೆಯೂ ಬಾಯಿಂದ ತುಂತುರು ಹಾರುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಮೌನ ನೆಲಸುವುದು ಬಹುಶಃ ಈ ಐದು ನಿಮಿಷ ಮಾತ್ರ. ಹೊಸ ಪ್ರಯೋಗಶಾಲೆಗಳಲ್ಲಿ ಲ್ಯಾಮಿನಾರ್ ಫ್ಲೋ ಪೆಟ್ಟಿಗೆಗಳಿವೆ. ಸೂಕ್ಷ್ಮವಾದ ಶೋಧಕದ ಮೂಲಕ ಸೋಸಿ ಬಂದ ಗಾಳಿ ಅಲ್ಲಿ ಕೆಲಸಗಾರನ ಕಡೆಗೆ ಒಂದೇ ಸಮನೆ ಹರಿಯುತ್ತದೆ. ಅನುಕೂಲವೇನೋ ಬಹಳ. ಆದರೆ ಆ ಸ್ವಚ್ಛ ಗಾಳಿಗೂ ಫ್ಲಾಸ್ಕಿಗೂ ನಡುವೆ ಕೈ ಅಡ್ಡ ಹಿಡಿದರೆ ಕೈಯ ಧೂಳೇ ಒಳಗೆ ಬೀಳುತ್ತದೆ. ಪೆಟ್ಟಿಗೆ ಕೈಗೆ ಬುದ್ಧಿ ಕಲಿಸಲಾರದು.

ಇಷ್ಟು ಮಾಡಿಯೂ ಹೆಪ್ಪೇ ಬೆರಕೆಯದಾಗಿದ್ದರೆ? ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಗೆ ಒದಗಿದ ವಿಪತ್ತು ಇದೇ. ಬಿಯರಿನ ರುಚಿ ಕೆಟ್ಟಿತು. ಪಾಸ್ತರನ ಮತದಂತೆ ಬ್ಯಾಕ್ಟೀರಿಯಗಳೇ ಅಪರಾಧಿಗಳಾಗಿರಬೇಕಿತ್ತು. ಅಲ್ಲಿನ ಪ್ರಯೋಗಶಾಲೆಯ ಎಮಿಲ್ ಕ್ರಿಶ್ಚಿಯನ್ ಹಾನ್ಸನ್ ತೋರಿಸಿದ್ದು ಬೇರೆಯೇ: ಕೆಡಿಸುತ್ತಿದ್ದುದು ಯೀಸ್ಟೇ, ಕಾಡುಜಾತಿಯ ಯೀಸ್ಟ್. ಸೂಕ್ಷ್ಮದರ್ಶಕದಲ್ಲಿ ಅದಕ್ಕೂ ಒಳ್ಳೆಯ ಯೀಸ್ಟಿಗೂ ಭೇದ ಕಾಣದು. ಹಾನ್ಸನ್ ಒಂದೇ ಒಂದು ಕಣವನ್ನು ಬೇರ್ಪಡಿಸಿ, ಅದರ ಸಂತಾನವನ್ನೇ ಬೆಳೆಸುತ್ತ ಹೋಗಿ, 1883ರ ನವೆಂಬರಿನಲ್ಲಿ ಕಾರ್ಖಾನೆಯ ತೊಟ್ಟಿಗೆ ಶುದ್ಧ ಯೀಸ್ಟನ್ನು ಹಾಕಿಸಿದ. ಮೊದಲು ಸಂಶಯಪಟ್ಟ ಕಾರ್ಖಾನೆಯ ಒಡೆಯ ಜೇಕಬ್‌ಸೆನ್, ಫಲವನ್ನು ಕಂಡ ಮೇಲೆ ಆ ವಿಧಾನವನ್ನು ಗುಟ್ಟುಮಾಡದೆ ಇತರರಿಗೂ ಬಿಟ್ಟುಕೊಟ್ಟ. ವ್ಯಾಪಾರದ ಲೋಕದಲ್ಲಿ ಇಂಥದು ಅಪೂರ್ವ. ನಾವು ಕಾಲೇಜಿನಲ್ಲಿ ಇಷ್ಟು ಕಷ್ಟಪಡಬೇಕಾಗಿಲ್ಲ. ಅಗರಿನ ತಟ್ಟೆಯ ಮೇಲೆ ಕುಣಿಕೆಯಿಂದ ಗೀಟು ಎಳೆದು, ಒಂಟಿಯಾಗಿ ಮೂಡಿದ ಮಚ್ಚೆಯೊಂದನ್ನು ಆರಿಸಿ, ಅದನ್ನು ಮತ್ತೊಂದು ತಟ್ಟೆಯ ಮೇಲೆ ಗೀಟಿದರೆ ಸಾಮಾನ್ಯವಾಗಿ ಶುದ್ಧ ತಳಿ ದೊರೆಯುತ್ತದೆ. ಈ ಅಗರು ಬಂದದ್ದೂ ಅಡಿಗೆಮನೆಯಿಂದ. 1881ರಲ್ಲಿ ರಾಬರ್ಟ್ ಕಾಕ್‌ನ ಪ್ರಯೋಗಶಾಲೆಯಲ್ಲಿದ್ದ ವಾಲ್ಟರ್ ಹೆಸ್ಸೆಗೆ ಅದನ್ನು ಸೂಚಿಸಿದವಳು ಜೆಲ್ಲಿ ಮಾಡುವುದರಲ್ಲಿ ಅದನ್ನು ಬಳಸಿ ಬಲ್ಲ ಆತನ ಹೆಂಡತಿ ಫ್ಯಾನಿ. ನಂಬಿಕೆಯ ತಳಿ ಬೇಕಾದವರಿಗೆ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯಲ್ಲೂ ಚಂಡೀಗಢದಲ್ಲೂ ಸೂಕ್ಷ್ಮಜೀವಿಗಳ ಭಂಡಾರಗಳಿವೆ. ತಂದ ತಳಿಯಿಂದ ಒಂದು ತಾಯಿಪ್ರನಾಳವನ್ನು ಶೀತದಲ್ಲಿ ಮುಟ್ಟದೆ ಇಟ್ಟು, ದಿನಬಳಕೆಗೆ ಬೇರೆ ಪ್ರನಾಳಗಳನ್ನು ಮಾಡಿಕೊಳ್ಳುವುದು ಮೇಲು.

ಬೆರಕೆಯಾಗಿದೆಯೆ ಎಂದು ಪರೀಕ್ಷಿಸುವ ಬಗೆ ಹೇಗೆ? ಕಣ್ಣನ್ನು ನಂಬಬಾರದು. ಒಂದು ಮಿಲಿಲೀಟರಿನಲ್ಲಿ ಲಕ್ಷ ಬ್ಯಾಕ್ಟೀರಿಯಗಳಿದ್ದರೂ ದ್ರವ ತಿಳಿಯಾಗಿಯೇ ತೋರಬಹುದು. ಹೆಪ್ಪು ಹಾಕದ ಒಂದು ಫ್ಲಾಸ್ಕನ್ನು ಉಳಿದವುಗಳ ಪಕ್ಕದಲ್ಲೇ ಇಡುವುದು ಎಲ್ಲಕ್ಕಿಂತ ಸುಲಭವಾದ ಸಾಕ್ಷಿ. ಅದು ಕದಡಿದರೆ ಬೇಯಿಸಿದ್ದರಲ್ಲೋ ಬಿರಡೆಯಲ್ಲೋ ದೋಷವಿದೆ. ಇನ್ನೊಂದರ ಬಿರಡೆ ತೆಗೆದು, ಕಾಯಿಸಿ ಆರಿಸಿದ ಬರಿಯ ಕುಣಿಕೆಯನ್ನು ಅದ್ದಿ ಮುಚ್ಚಿಡಬೇಕು. ಇದೊಂದೇ ಕದಡಿದರೆ ದೋಷ ಕೈಯದು. ಯೀಸ್ಟಿನ ಫ್ಲಾಸ್ಕಿನೊಳಗೆ ಅಡಗಿದ ಕೆಲವೇ ಬ್ಯಾಕ್ಟೀರಿಯಗಳನ್ನು ಹುಡುಕಲು ಸಾಮಾನ್ಯ ಅಗರು ಸಾಲದು, ಯೀಸ್ಟೇ ತಟ್ಟೆಯನ್ನೆಲ್ಲ ಆವರಿಸುತ್ತದೆ. ಅದಕ್ಕೆ ಸೈಕ್ಲೊಹೆಕ್ಸಿಮೈಡ್ ಎಂಬ ಔಷಧವನ್ನು ಬೆರೆಸಿದರೆ ಯೀಸ್ಟ್ ಅಡಗಿ ಬ್ಯಾಕ್ಟೀರಿಯ ಮೇಲೇಳುತ್ತದೆ. ಕಾಡುಯೀಸ್ಟುಗಳಲ್ಲಿ ಹಲವನ್ನು ಲೈಸೀನ್ ಒಂದೇ ಸಾರಜನಕದ ಮೂಲವಾಗಿರುವ ಅಗರಿನ ಮೇಲೆ ಹಿಡಿಯಬಹುದು. ಬಿಯರಿನ ಯೀಸ್ಟ್ ಅದರ ಮೇಲೆ ಬೆಳೆಯಲಾರದು.

ಬ್ಯಾಕ್ಟೀರಿಯ ಬಾರದಂತೆ ಫ್ಲಾಸ್ಕಿಗೇ ಪ್ರತಿಜೀವಕವನ್ನು ಹಾಕಿಬಿಡುವ ಅಭ್ಯಾಸ ಕೆಲವರಲ್ಲಿದೆ. ಈ ಲೇಖಕನಿಗೆ ಅದು ಹಿಡಿಸದು. ಸಡಿಲ ಕೈಯನ್ನು ಅದು ಮುಚ್ಚಿಡುತ್ತದೆ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯ ಬಂದ ದಿನ ಮುಚ್ಚಿಟ್ಟದ್ದೆಲ್ಲ ಹೊರಬೀಳುತ್ತದೆ. ಪೆನಿಸಿಲಿನ್ನಿನ ಕಥೆಯೇ ಇದಕ್ಕೆ ನಿದರ್ಶನ. ಬ್ಯಾಕ್ಟೀರಿಯವನ್ನು ಕೊಲ್ಲುವ ಆ ಔಷಧವನ್ನೇ ತಯಾರಿಸುವ ಬೂಷ್ಟಿನ ತೊಟ್ಟಿಗೆ ಬ್ಯಾಕ್ಟೀರಿಯದ ಭಯವಿರಬಾರದಲ್ಲವೆ? ಆದರೆ ಪೆನಿಸಿಲಿನ್ನನ್ನು ಮುರಿದುಹಾಕುವ ಪೆನಿಸಿಲಿನೇಸ್ ಎಂಬ ಕಿಣ್ವ ಕೆಲವು ಬ್ಯಾಕ್ಟೀರಿಯಗಳಲ್ಲಿದೆಯೆಂದು ಏಬ್ರಹಾಂ ಮತ್ತು ಚೇನ್ 1940ರಲ್ಲೇ ಪ್ರಕಟಿಸಿದರು. ಅಂಥದೊಂದು ಒಳಹೊಕ್ಕರೆ ಸಾವಿರಾರು ಲೀಟರಿನ ತೊಟ್ಟಿಯಲ್ಲೂ ಔಷಧ ಉಳಿಯದು. ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ನನ್ನು ಕಂಡದ್ದೇ ಬೆರಕೆಯಾದ ತಟ್ಟೆಯಲ್ಲಿ, ಆದ್ದರಿಂದ ಬೆರಕೆ ವರವೆಂದು ವಾದಿಸುವ ಮಿತ್ರರಿಗೆ ಇಷ್ಟು ಹೇಳಬಹುದು: ಆ ತಟ್ಟೆಯಲ್ಲಿ ಮೊದಲು ಬಿತ್ತಿದ್ದುದು ಯಾವುದೆಂದು ಅವನಿಗೆ ಖಚಿತವಾಗಿ ಗೊತ್ತಿದ್ದುದರಿಂದಲೇ ಬಂದ ಬೂಷ್ಟಿನ ಪ್ರಭಾವ ಕಣ್ಣಿಗೆ ಬಿತ್ತು.

ಇನ್ನೂ ಸಣ್ಣ ಶತ್ರುಗಳೂ ಇವೆ. ಬ್ಯಾಕ್ಟೀರಿಯಗಳಿಂದ ಅಸಿಟೋನ್ ಮತ್ತು ಬ್ಯುಟನಾಲ್ ತಯಾರಿಸುತ್ತಿದ್ದ ಅಮೆರಿಕದ ಟೆರೆ ಹೋಟ್ ಎಂಬಲ್ಲಿನ ಕಾರ್ಖಾನೆಯ ಉತ್ಪತ್ತಿ 1923ರಲ್ಲಿ ಅರ್ಧಕ್ಕೆ ಇಳಿಯಿತು. ಬ್ಯಾಕ್ಟೀರಿಯಗಳನ್ನೇ ತಿನ್ನುವ ವೈರಸ್ ತೊಟ್ಟಿಗಳಲ್ಲಿ ಸೇರಿತ್ತು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದ, ಬ್ಯಾಕ್ಟೀರಿಯವನ್ನು ತಡೆಯುವ ಶೋಧಕಗಳಲ್ಲೂ ನುಸುಳುವ ಇಂಥ ವೈರಸ್ಸಿನಿಂದ ಪಾರಾಗಲು ಅದಕ್ಕೆ ಬಗ್ಗದ ಬೇರೆ ತಳಿಯನ್ನು ಹುಡುಕಬೇಕು, ಸಲಕರಣೆಯನ್ನೆಲ್ಲ ಹೊಸದಾಗಿ ಆವಿಯಲ್ಲಿ ಶುದ್ಧಿಮಾಡಬೇಕು.

ಕೊನೆಗೆ, ಕೆಟ್ಟುಹೋದ ಫ್ಲಾಸ್ಕನ್ನು ಏನು ಮಾಡಬೇಕು? ತೊಟ್ಟಿಗೆ ಸುರಿದು ತೊಳೆದಿಡುವುದು ಎಲ್ಲರಿಗೂ ತೋರುವ ದಾರಿ. ಹಾಗೆ ಮಾಡಿದರೆ ಅದರೊಳಗಿನ ಕೋಟ್ಯಂತರ ಬೀಜಾಣುಗಳು ತೊಟ್ಟಿಯ ಅಂಚಿನಲ್ಲಿ ಒಣಗಿ, ಧೂಳಾಗಿ, ಮುಂದಿನ ವಾರದ ಫ್ಲಾಸ್ಕುಗಳನ್ನು ಕಾದು ಕೂರುತ್ತವೆ. ಟಿಂಡಲನ ಹುಲ್ಲಿನ ಹೊರೆ ಮಾಡಿದ್ದೂ ಇದನ್ನೇ. ಬಿರಡೆಯನ್ನು ತೆಗೆಯದೆ, ಫ್ಲಾಸ್ಕನ್ನು ಇದ್ದ ಹಾಗೆಯೇ ಆಟೋಕ್ಲೇವಿಗೆ ಇಟ್ಟು, ಗಾಳಿ ಪೂರ್ತಿ ಹೊರಗೆ ಹೋದ ಮೇಲೆ ಕವಾಟವನ್ನು ಮುಚ್ಚಿ, 121 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಆರಿದ ನಂತರವೇ ಬಿರಡೆ ತೆಗೆದು ತೊಳೆಯತಕ್ಕದ್ದು.